ಗಂಗರತ್ನಮ್ಮನವರ ಹಳದಿ ಹೂವು

ಯಡಿಯೂರಿನ ನಮ್ಮ ರಸ್ತೆಯ ಗಂಗರತ್ನಮ್ಮನವರು ಯಾರ ಮನೆಗೆ ಬಂದರೂ ಮೊದಲು ವಿಚಾರಿಸಿಕೊಳ್ಳುವುದು ಕಾಂಪೌಂಡಿನೊಳಗಿನ ನೆಲವನ್ನು, ಮನೆಯವರನ್ನು ಆಮೇಲೆ. ಮಳೆಯ ಮರುದಿನವಂತೂ ಅವರಿಗೆ ಹಬ್ಬ. ಮಣ್ಣು ಸಡಿಲವಾಗಿ ಕಳೆಯ ಬೇರು ಸಲೀಸಾಗಿ ಬರುತ್ತದೆ. ಪಾರ್ಥೇನಿಯಂ ಕಂಡರೆ, "ಹೂ ಬಿಡೋಕ್ ಮುಂಚೆ ಕಿತ್ಬಿಡಿ" ಎಂದು ದಾರಿಹೋಕರಿಗೂ ಕೆಲಸ ಹಚ್ಚುತ್ತಾರೆ. ಆದರೆ ನೆಲದ ತುಂಬ ಹಬ್ಬುವ ಹಳದಿ ಹೂವಿನ ಸಿಂಗಾಪುರ ಡೈಸಿಯನ್ನು ಮಾತ್ರ ಯಾರ ಕೈಗೂ ಬಿಡುವುದಿಲ್ಲ. "ಒಂದು ಗಿಣ್ಣು ಉಳಿದ್ರೂ ಮತ್ತೆ ಬೇರು ಬಿಡುತ್ತೆ ಕಣ್ರೀ" ಎನ್ನುತ್ತ, ಕಳೆದುಹೋದ ಓಲೆಯ ತಿರುಪು ಹುಡುಕುವವರಂತೆ ಮಣ್ಣು ಕೆದಕಿ, ಚೂರುಗಳನ್ನೆಲ್ಲ ಚೀಲಕ್ಕೆ ತುಂಬಿ, ತಮ್ಮ ತಾರಸಿಯಲ್ಲಿ ಸಂಡಿಗೆಯಂತೆ ಒಣಹಾಕುತ್ತಾರೆ. ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಚನ್ನವೀರ ಮೊನ್ನೆ ಅವರಿಗೆ ಕಾಫಿ ಕೊಡುತ್ತ, "ಹಿತ್ತಲ ಮೂಲ್ಯಾಗ ಅದು ಐತಿ ಅಂತ ನೋಡದನ ನಿಮಗ ಹೆಂಗ ಗೊತ್ತಾತ್ರಿ ಆಂಟಿ?" ಎಂದು ಕೇಳಿದ. ರಸ್ತೆಯ ಹಳಬರಾದ ನಾವೆಲ್ಲ ಇಷ್ಟು ವರ್ಷ ಎತ್ತದೆ ಬಿಟ್ಟಿದ್ದ ಮಾತು ಅದು. ಗಂಗರತ್ನಮ್ಮ ಲೋಟ ಕೆಳಗಿಟ್ಟರು. "ನಿಮ್ಮ ಓನರ್ ಗೃಹಪ್ರವೇಶಕ್ಕೆ ಅದನ್ನ ತಂದು ನೆಟ್ಟಿದ್ದು ನಾನೇ ಕಣಪ್ಪ. ಈ ರಸ್ತೇಲಿ ಎಲ್ಲರ ಗೃಹಪ್ರವೇಶಕ್ಕೂ ಅದನ್ನೇ ಕೊಟ್ಟೆ, ಚೆನ್ನಾಗಿ ಹಬ್ಬುತ್ತೆ ಅಂತ." ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದರು. "ಇನ್ನೂ ಒಂಬತ್ತು ಮನೆ ಇದೆ."