ನನ್ನ ದನಿ ಕಾದ ಹೊಲ

ನನಗ ಸುಳ್ಳು ಹೇಳಾಕ ಬರಂಗಿಲ್ಲ ಅಂತ ನಾ ಅನ್ನಂಗಿಲ್ಲ. ಬರ್ತೈತಿ, ಭಾಳ ಛಲೋ ಬರ್ತೈತಿ. ಹುನಗುಂದದಾಗ ಮೋಟರ್ ರಿಪೇರಿ ಅಂಗಡಿ ಇಟ್ಟಂವ ನಾ. "ನಾಳಿ ಬರ್ರಿ, ಆಗಿರ್ತೈತಿ" ಅಂತ ದಿನಾ ಹತ್ತು ಮಂದಿಗೆ ಹೇಳ್ತೇನಿ. ಆದ್ರ ಈ ಮಾತು ಹಂಗಲ್ರಿ. ಇದು ಸುಳ್ಳಾಗಿದ್ರ ನಾ ಇಷ್ಟೊತ್ತಿಗೆ ಆರಾಮ ನಿದ್ದಿ ಮಾಡ್ತಿದ್ನಿ.

ನನ್ನ ಹೆಸರು ಮಾಬೂಸಾಬ. ಮರೋಳದ ಕಡೆ ನಮ್ಮಪ್ಪನ ಕಾಲದ ಎರಿ ಹೊಲ ಐತಿ, ಕರಿ ಮಣ್ಣಿಂದು. ಕಾಲುವಿ ನೀರು ಬಂದ ಮ್ಯಾಲ ಗೋಂಜಾಳ, ಅಂದ್ರ ಮೆಕ್ಕೆಜೋಳ, ಹಾಕಾಕ ಹತ್ತೇವಿ. ಗೋಂಜಾಳ ಬಂತು, ಅದರ ಬೆನ್ನ ಹತ್ತಿ ಕಾಡಹಂದಿ ಬಂದ್ವು. ತೆನ್ಯಾಗ ಹಾಲು ತುಂಬೋ ಹೊತ್ತಿನ್ಯಾಗ ಒಂದು ರಾತ್ರಿ ಕಾಯಲಿಲ್ಲ ಅಂದ್ರ ಮುಂಜಾನಿ ಹೊಲ ಹಾಸಿಗಿ ಹಾಸಿದಂಗ ಮಲಗಿರ್ತೈತಿ.

ಬಾಜೂ ಹೊಲ ಶಿವಪ್ಪ ಕಾಕಾಂದು. ನಮ್ಮಪ್ಪನ ಓರಿಗಿಯಂವ. ಎರಡೂ ಹೊಲದ ನಡುವ ಎದಿಮಟ ಎತ್ತರದ ಒಡ್ಡು. ಆಕಡೆ ಅಂವ ನಾಕು ಕಂಬದ ಅಟ್ಟ ಕಟ್ಕೊಂಡು ಕಾಯ್ತಿದ್ದ, ಈಕಡೆ ನಾ.

ರಾತ್ರಿ ಹೊಲ ಕಾಯೋರದು ಒಂದು ಪದ್ಧತಿ ಐತಿ. ಒಬ್ಬಂವ "ಹೋ...ಓ..." ಅಂತ ಕೂಗಿದ್ರ ಬಾಜೂ ಹೊಲದಂವ ತಿರುಗಿ ಕೂಗಬೇಕು. ಹಂದಿಗೆ ಅಂಜಿಕಿ, ಮನುಷ್ಯಾಗ ಧೈರ್ಯ. ತಿರುಗಿ ದನಿ ಬರಲಿಲ್ಲ ಅಂದ್ರ ಆಕಡೆ ಏನೋ ಆಗೇತಿ ಅಂತ ಲೆಕ್ಕ. ಆವಾಗ ಬ್ಯಾಟರಿ ಹಿಡ್ಕೊಂಡು ಒಡ್ಡು ದಾಟಿ ಹೋಗಲೇಬೇಕು. ನಮ್ಮಪ್ಪ, ಕಾಕಾ ಇಬ್ಬರೂ ಹಂಗ ಕೂಗ್ಯಾಡ್ಕೋಂತನ ಮುದುಕರಾದ್ರು. ನಮ್ಮಪ್ಪ ಹೋದ ಮ್ಯಾಲ ಆ ಪಾಳಿ ನನಗ ಬಂತು.

ನನಗೋ ನಿದ್ದಿ ಅಂದ್ರ ಪ್ರಾಣ.

ಹೋದ ವರ್ಷ ಹುಬ್ಬಳ್ಳಿ ಕಡೆಯಿಂದ ಒಂದಿಷ್ಟು ಎಂಜಿನಿಯರ್ ಹುಡುಗ್ರು ಬಂದ್ರು. ಹೊಲ ಕಾಯೋ ರೋಬೋಟ್ ಮಾಡ್ಯಾರ, ಪರೀಕ್ಷಾ ನೋಡಾಕ ಖರೇ ಹೊಲ ಬೇಕಾಗಿತ್ತು. ಕೆಟ್ರ ಬಿಚ್ಚಿ ನೋಡಾಕ ಇಂವಗ ಬರ್ತೈತಿ ಅಂತ ನನ್ನ ಹೊಲಾನ ಹಿಡದ್ರು. ನಾಕು ಗಾಲಿ, ಕರುವಿನಷ್ಟು ಎತ್ತರ, ಬೆನ್ನ ಮ್ಯಾಲ ಸೋಲಾರ ತಗಡು, ಮುಂದ ಕ್ಯಾಮೆರಾ, ಒಂದು ಸ್ಪೀಕರ್. ತಲಿ ಮ್ಯಾಲ ಗರಗರ ತಿರುಗೋ ಒಂದು ಡಬ್ಬಿ, ಎದುರಿಗೆ ಏನೈತಿ, ಎಷ್ಟು ದೂರ ಐತಿ ಅಂತ ಅದು ಅಳೀತೈತಿ. ಒಂದು ಸಲ ರಿಮೋಟ್ ಹಿಡಿದು ಹೊಲದ ಸುತ್ತ ಅಡ್ಡಾಡಿಸಿದ್ರ ಸಾಕು, ದಾರಿ ನೆನಪಿಟ್ಕೊಂಡು ಆಮ್ಯಾಲ ತಾನ ತಿರುಗ್ತೈತಿ. ಹುಡುಗ್ರು ಅದಕ್ಕ ಏನೋ ಇಂಗ್ಲಿಷ್ ಹೆಸರು ಇಟ್ಟಿದ್ರು. ಕಾಕಾ ಅದನ್ನ "ಮಾಬೂನ ಕರು" ಅಂತಿದ್ದ. ನಾ ಗಾಡಿ ಅಂತಿದ್ನಿ.

ಮೊದಮೊದಲು ಅದು ಭಾಳ ಕಾಡ್ತು. ಗೋಂಜಾಳದ ಗರಿ ಅಲುಗಾಡಿದ್ರ ಮನುಷ್ಯಾ ಬಂದ ಅಂತ ನಿಂದ್ರತಿತ್ತು. ಎರಿ ಮಣ್ಣು ಹಸಿಯಾದ್ರ ಗಾಲಿಗೆ ಮೆತ್ಕೊಂಡು ಅಲ್ಲೇ ಕುಂದ್ರತಿತ್ತು. ಗಾಲಿಗೆ ಕಬ್ಬಿಣದ ಹಲ್ಲು ಹಚ್ಚಿದಂವ ನಾ. ಹುಡುಗ್ರು ಅದಕ್ಕ ರಾಶಿಗಟ್ಲೆ ಫೋಟೋ ತೋರಿಸಿ, ಗರಿ ಯಾವುದು, ಹಂದಿ ಯಾವುದು, ಮನುಷ್ಯಾ ಹ್ಯಾಂಗಿರ್ತಾನ ಅಂತ ಕಲಿಸಿದ್ರು. ಆಮ್ಯಾಲ ಅದು ತಪ್ಪಲಿಲ್ಲ. ಹಂದಿ ಕಂಡ್ರ ಲೈಟ್ ಹಾಕಿ ಕೂಗೋದು. ಮನುಷ್ಯಾ ಕಂಡ್ರ ನಿಂತು ನನ್ನ ಮೊಬೈಲಿಗೆ ಫೋಟೋ ಕಳಿಸೋದು.

ಕೂಗಾಕ ಮೊದಲು ನಾಯಿ ದನಿ ಹಾಕಿದ್ರು. ಹಂದಿ ವಾರದಾಗ ರೂಢಿ ಮಾಡ್ಕೊಂಡ್ವು. ಆವಾಗ ನಾ ನನ್ನ ದನಿ ತುಂಬಿದ್ನಿ. ಒಮ್ಮೆ ಗಟ್ಟಿ, ಒಮ್ಮೆ ಮೆತ್ತಗ, ಒಮ್ಮೆ ಕೆಮ್ಮಿ... ಮತ್ತ ಹುಡುಗರಿಗೆ ಅಂದ್ನಿ, "ಯಾರರ ಕೂಗಿದ್ರ ಇದು ತಿರುಗಿ ಕೂಗೂವಂಗ ಮಾಡ್ರಿ."

"ಯಾಕ ಅಣ್ಣಾ?"

"ಹಂದಿಗೆ ಭಾಳ ಮಂದಿ ಅದಾರ ಅನ್ನಿಸ್ತೈತಿ."

ಅದು ಹಂದಿ ಸಲುವಾಗಿ ಅಲ್ರಿ, ಕಾಕಾನ ಸಲುವಾಗಿ. ಅಂವ ಕೂಗಿದ್ರ ನನ್ನ ದನಿ ಬರ್ತೈತಿ, ನಾ ಹುನಗುಂದದಾಗ ಮನ್ಯಾಗ ಮಲಗಿರ್ತೇನಿ. ಗಾಡಿ ತಿರುಗೋದು ಕಾಕಾಗ ಗೊತ್ತಿತ್ತು. ಅದರ ಬಾಯಾಗ ನನ್ನ ದನಿ ಐತಿ ಅನ್ನೋದು ಗೊತ್ತಿರಲಿಲ್ಲ. ನಾ ಹೇಳಲಿಲ್ಲ.

ಆ ರಾತ್ರಿ ಚಳಿ ಎಲುಬಿಗೆ ಹತ್ತೂವಂಗಿತ್ತು. ಸಂಜಿಮುಂದ ಗಾಡಿ ಚಾಲೂ ಮಾಡಿ ಹೊರಳೂ ಹೊತ್ತಿಗೆ ಕಾಕಾ ಒಡ್ಡಿನ ಮ್ಯಾಲ ನಿಂತಿದ್ದ, ಕಂಬಳಿ ಹೊತ್ಕೊಂಡು.

"ಮಾಬೂ, ಇರ್ತಿ ಹೌದಲ್ಲೋ? ನಮ್ಮ ನೀಲವ್ವ ಬ್ಯಾಡ ಅಂತಾಳ, ಈ ಚಳ್ಯಾಗ ಹೋಗಬ್ಯಾಡಪ್ಪಾ ಅಂತಾಳ. ಮಾಬೂ ಇರ್ತಾನ ಬಿಡವಾ ಅಂತ ಮಗಳಿಗೆ ಹೇಳಿ ಬಂದೇನಿ."

"ಇರ್ತೇನಿ ಕಾಕಾ. ಎಲ್ಲಿ ಹೋಗ್ಲಿ ನಾ?"

ನೋಡ್ರಿ, ಎಷ್ಟು ಸಲೀಸು ಬಂತು ಬಾಯಾಗ. ಕತ್ತಲಾಗೂತನಕ ಕಾದು, ಸಪ್ಪಳ ಕೇಳಬಾರದು ಅಂತ ಬೈಕ್ ದೂಡ್ಕೊಂಡು ಡಾಂಬರ ರಸ್ತೆಗೆ ಹೋಗಿ, ಅಲ್ಲಿ ಚಾಲೂ ಮಾಡಿ ಮನಿಗೆ ಬಂದ್ನಿ. ಕಳ್ಳರು ಹಿಂಗ ಮಾಡ್ತಾರ.

ಉಂಡು ಕೌದಿ ಹೊತ್ಕೊಂಡು ಮಲಗಿದ್ನಿ. ನಿದ್ದಿ ಹತ್ತಿತ್ತು. ದಿಂಬಿನ ಬುಡಕ ಮೊಬೈಲ್ ಗುರ್ ಅಂತು...

ಗಾಡಿ ನಿಂತೈತಿ. ಮನುಷ್ಯಾ ಕಂಡಾನ ಅಂತ ಸುದ್ದಿ ಬಂದೈತಿ. ಫೋಟೋ ತಗದು ನೋಡಿದ್ನಿ. ಒಡ್ಡು. ಒಡ್ಡಿನ ಮ್ಯಾಲ ಒಣ ಹುಲ್ಲು. ಮನುಷ್ಯಾನೂ ಇಲ್ಲ, ನಾಯೀನೂ ಇಲ್ಲ. ಮುಂದ ಹೋಗು ಅಂತ ಒತ್ತಿ ಕಣ್ಣು ಮುಚ್ಚಿದ್ನಿ.

ಸ್ವಲ್ಪ ಹೊತ್ತಿಗೆ ಮತ್ತ ಗುರ್ ಅಂತು. ಅದೇ ಜಾಗಾ, ಅದೇ ಹುಲ್ಲು. ಸುತ್ತು ಮುಗಿಸದೇ ನಡುವ ಹೊರಳಿ ಅಲ್ಲಿಗೇ ಬಂದು ನಿಂತಿತ್ತು. ಹಂಗ ಅದು ಒಮ್ಮೆನೂ ಮಾಡಿರಲಿಲ್ಲ.

ಗಾಡಿಗೆ ಕಿವೀನೂ ಇತ್ತು. ಮೊಬೈಲ್‌ನ್ಯಾಗ ಅಲ್ಲಿನ ಸಪ್ಪಳ ಕೇಳಬಹುದಾಗಿತ್ತು. ಕಿವಿಗೆ ಹಿಡಕೊಂಡ್ನಿ. ಗೋಂಜಾಳದ ಗರಿ ಸರಸರ ಅಂತಿದ್ವು. ಆಮ್ಯಾಲ ದೂರದಾಗ ಕಾಕಾ, "ಹೋ..." ಅಂದ. ಅದರ ಹಿಂದ ನನ್ನ ದನಿ, "ಹೋ...ಓ...".

ಕಾಕಾನ ಕೂಗು ಯಾಕೋ ಗಿಡ್ಡ ಅನ್ನಿಸ್ತು. ಅಟ್ಟದ ಮ್ಯಾಲಿಂದ ಬಂದಂಗಿರಲಿಲ್ಲ, ನೆಲಕ್ಕ ಬಾಯಿ ಹಚ್ಚಿ ಕೂಗಿದಂಗಿತ್ತು... ಚಳಿಗೆ ಕಂಬಳಿ ಮುಸುಕು ಹಾಕ್ಕೊಂಡಾನ ಅಂದ್ಕೊಂಡ್ನಿ. ಹಂಗ ಅಂದ್ಕೊಳ್ಳೋದು ನನಗ ಬೇಕಾಗಿತ್ತು. ಇಲ್ಲಂದ್ರ ಎದ್ದು ಬೈಕ್ ತಗೀಬೇಕು, ಆ ಚಳ್ಯಾಗ ಹೋಗಬೇಕು, ಎಲ್ಲಿಂದ ಬಂದ್ಯೋ ಅಂತ ಕಾಕಾ ಕೇಳ್ತಾನ.

ಮತ್ತ ಗುರ್ ಅಂತು. ಬಾಜೂಕ ಮಲಗಿದ್ದ ನಮ್ಮಾಕಿ ಏನದು ಅಂತ ಕೇಳಿದ್ಲು.

"ಗಾಡಿ. ಅದಕ್ಕ ತಲಿ ಕೆಟ್ಟೈತಿ" ಅಂದ್ನಿ. ಅಂದು ಗಾಡೀನ ಪೂರಾ ಬಂದ್ ಮಾಡಿದ್ನಿ. ಅಲ್ಲಿನ ಸಪ್ಪಳ ನಿಂತಿತು. ನನಗ ಛಲೋ ನಿದ್ದಿ ಬಂತು. ಅದನ್ನೂ ಹೇಳಿಬಿಡ್ತೇನಿ, ಭಾಳ ಛಲೋ ನಿದ್ದಿ ಬಂತು.

ಮುಂಜಾನಿ ಮಬ್ಬಿನ್ಯಾಗ ಎದ್ದು ಹೊಲಕ್ಕ ಹೋದ್ನಿ. ಗಾಡಿ ನಿಲ್ಲಿಸಿದಲ್ಲಿ ಗಾಡಿ ಇಲ್ಲ. ಒಡ್ಡಿನ ಆಕಡೆ ಮಂದಿ ದನಿ ಕೇಳಿಸ್ತು.

ಒಡ್ಡು ಹತ್ತಿ ನೋಡಿದ್ರ ಕಾಕಾ ಅಟ್ಟದ ಬುಡಕ ಬಿದ್ದಾನ. ರಾತ್ರಿ ಹಂದಿ ಸಪ್ಪಳಕ್ಕ ಇಳೀಬೇಕಂತ ಹೋಗಿ ನಿಚ್ಚಣಿಕಿ ಮುರಿದು ಬಿದ್ದಿದ್ದ. ತೊಡಿ ಎಲುಬು ಮುರಿದಿತ್ತು, ತಲಿ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಅವನ ಮೊಬೈಲ್ ಮ್ಯಾಲ ಅಟ್ಟದಾಗನ ಉಳಿದಿತ್ತು. ಜೀವ ಇತ್ತು. ಕಣ್ಣು ತೆರೆದಿದ್ದ.

ಅವನ ಬಾಜೂಕ, ಕೈ ಚಾಚಿದ್ರ ಹತ್ತೂವಷ್ಟು ಸನಿಹ, ನನ್ನ ಗಾಡಿ ನಿಂತಿತ್ತು. ಬಂದ್ ಆಗಿತ್ತು. ತಗಡಿನ ಮ್ಯಾಲ ಇಬ್ಬನಿ ಕುಂತಿತ್ತು.

ಎದಿಮಟ ಒಡ್ಡು ಹತ್ತಾಕ ಅದಕ್ಕ ಬರಂಗಿಲ್ಲ. ಹತ್ತಿದ್ರ ಗಾಲಿ ಹಲ್ಲಿನ ಗುರ್ತು ಮೂಡಬೇಕು. ಇಬ್ಬನಿಗೆ ಹಸಿಯಾದ ಆ ಮಣ್ಣಿನ್ಯಾಗ ಒಂದು ಗೆರೀನೂ ಇರಲಿಲ್ಲ.

ನೀಲವ್ವ ಅಪ್ಪನ ತಲಿ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ಲು. ಅಪ್ಪಗ ತಂದ ರೊಟ್ಟಿ ಬುತ್ತಿ ಅಲ್ಲೇ ಬಿದ್ದಿತ್ತು. ನನ್ನ ನೋಡಿದಾಕೀನ ಅಂದ್ಲು, "ಟಂಟಂ ತರಾಕ ಹೋಗಿದ್ದೇನು ಅಣ್ಣಾ? ಸಿಕ್ತೇನು?"

ನನಗ ತಿಳೀಲಿಲ್ಲ.

"ಮಾಬೂ ಈಗ ಎದ್ದು ಹೋದ, ಮಂದಿನ್ನ ಕರಕೊಂಡು ಬರ್ತಾನ ಅಂತ ಹೇಳಿದ್ರು ಅಪ್ಪ. ರಾತ್ರೆಲ್ಲ ನೀ ಬಾಜೂಕ ಕುಂತಿದ್ದೆಂತ. ಮಲಗಬ್ಯಾಡ ಕಾಕಾ, ಕಣ್ಣು ಮುಚ್ಚಬ್ಯಾಡ ಅಂತ ಮಾತಾಡಿಸಿದೆಂತ." ಅಕಿ ಎರಡೂ ಕೈ ಮುಗಿದ್ಲು. "ನೀ ಇರದಿದ್ರ ನಮ್ಮಪ್ಪ ಉಳೀತಿರಲಿಲ್ಲ ಅಣ್ಣಾ."

ಇಲ್ಲ ಅನ್ನಬೇಕಾಗಿತ್ತು. ಸುತ್ತ ಮಂದಿ ನಿಂತಿತ್ತು.

"ಹೂಂ" ಅಂದ್ನಿ.

ಅವನ್ನ ಎತ್ತಿ ಟಂಟಂನ್ಯಾಗ ಮಲಗಿಸೂವಾಗ ಮೈಮ್ಯಾಲಿನ ಕಂಬಳಿ ನಾ ಸರಿ ಮಾಡಿದ್ನಿ. ಕಂಬಳಿ ಅಟ್ಟದ ಮ್ಯಾಲ ಇತ್ತು, ತಾ ಬಿದ್ದಾಗ ಮೈಮ್ಯಾಲ ಬರೇ ಅಂಗಿ ಇತ್ತು ಅಂತ ಆಮ್ಯಾಲ ಕಾಕಾನೇ ಹೇಳಿದ. ನಿಚ್ಚಣಿಕಿ ಮುರಿದ ಅಟ್ಟದ ಮ್ಯಾಲಿಂದ ಅದನ್ನ ಯಾರು ಇಳಿಸಿದ್ರು ಅಂತ ಯಾರೂ ಕೇಳಲಿಲ್ಲ. ಮಾಬೂ ಇಳಿಸಿರ್ತಾನ ಅಂತ ಬಿಟ್ರು. ಕಂಬಳಿಗೆ ಕುರಿ ಉಣ್ಣೆ ವಾಸನಿ ಇತ್ತು, ರಕ್ತದ ವಾಸನಿ ಇತ್ತು... ಮತ್ತ ನನ್ನ ಅತ್ತರಿನ ವಾಸನಿ ಇತ್ತು. ಶುಕ್ರವಾರ ನಾ ಹಚ್ಕೊಳ್ಳೋ ಅತ್ತರು.

ಹುನಗುಂದದಿಂದ ಬಾಗಲಕೋಟಿ ದವಾಖಾನಿಗೆ ಕಳಿಸಿದ್ರು. ತೊಡಿಗೆ ರಾಡ್ ಹಾಕಿದ್ರು. ನೋಡಾಕ ಹೋದಾಗ ಕಾಕಾ ಎಲ್ಲರ ಮುಂದ ಹೇಳಿದ.

"ಬಿದ್ದು ಕೂಗಿದ್ನಿ. ಇಂವ ತಿರುಗಿ ಕೂಗಿದ. ಮತ್ತ ಕೂಗಿದ್ನಿ, ಮತ್ತ ಕೂಗಿದ. ದನಿ ಕೊಡ್ತಾನ, ಬರವಲ್ಲ, ಯಾಕ ಹಿಂಗ ಮಾಡಾಕ ಹತ್ಯಾನಪ್ಪಾ ಅಂತ ಮತ್ತ ಮತ್ತ ಕೂಗಿದ್ನಿ. ಆಮ್ಯಾಲ ದನಿ ಬರೋದು ನಿಂತಿತು. ಆತು, ಕೂಗೋದು ಬಿಟ್ಟು ಬರಾಕ ಹತ್ಯಾನ ಅಂದ್ಕೊಂಡ್ನಿ. ಬಂದ."

ಆ ದನಿ ನಿಲ್ಲಿಸಿದಂವ ನಾ. ದಿಂಬಿನ ಮ್ಯಾಲ ತಲಿ ಇಟ್ಟು, ಒಂದು ಬೆರಳಿಲೆ.

"ರಾತ್ರೆಲ್ಲ ಏನ ಮಾತಾಡಿದ್ರಪ್ಪಾ?" ಅಂತ ನೀಲವ್ವ ಕೇಳಿದ್ಲು.

"ಅದು ನಮ್ಮಿಬ್ಬರದು, ಬಿಡು" ಅಂದ ಕಾಕಾ. ನನ್ನ ಕಡೆ ನೋಡಿ ಮೆಲ್ಲಕ ತಲಿ ಅಲುಗಾಡಿಸಿದ. ನಾ ಕಿಡಕಿ ಕಡೆ ಮಾರಿ ಮಾಡಿದ್ನಿ.

ಹುಬ್ಬಳ್ಳಿ ಹುಡುಗ್ರು ಬಂದು ಗಾಡಿ ಪರೀಕ್ಷಾ ಮಾಡಿದ್ರು. ನಾ ಬಂದ್ ಮಾಡಿದ ಮ್ಯಾಲ ಅದರ ಗಾಲಿ ತಿರುಗಿಲ್ಲ ಅಂತಾತು. ಯಾರೋ ಎತ್ತಿ ಇಟ್ಟಾರ ಅಂದ್ರು. ಅದನ್ನ ಎತ್ತಾಕ ನಾಕು ಮಂದಿ ಬೇಕು. ಒಡ್ಡಿನ ಆಕಡೆ ಬಿದ್ದ ಮನುಷ್ಯಾನ ಅದು ಹ್ಯಾಂಗ ಕಂಡಿತು ಅಂತ ಕೇಳಿದ್ನಿ. ಕಾಣಾಕ ಸಾಧ್ಯನ ಇಲ್ಲ ಅಣ್ಣಾ ಅಂದ್ರು. ಹಂಗಾದ್ರ ಅದು ಯಾರನ್ನ ನೋಡಿ ನಿಂತಿತ್ತು?

ಊರಾಗ ನನ್ನ ಹೆಸರು ಆತು. ಚಾದ ಅಂಗಡ್ಯಾಗ ರೊಕ್ಕಾ ತಗೋಳೋದು ಬಿಟ್ರು. "ಮನುಷ್ಯಾ ಅಂದ್ರ ಮಾಬೂ ನೋಡ್ರಿ" ಅಂತ ಹಿರಿಯರು ಬೆನ್ನು ಚಪ್ಪರಿಸಿದ್ರು. ಮಸೂತಿಗೆ ಹೋದ್ರೂ ಅದೇ ಮಾತು. ಕಡೀಕ ಅತ್ತರು ಹಚ್ಕೊಳ್ಳೋದು ಬಿಟ್ನಿ, ಆ ವಾಸನಿ ಬಂದ್ರ ಆ ಕಂಬಳಿ ನೆನಪಾಗ್ತಿತ್ತು.

ಒಂದಿನ ತಡಕೊಳ್ಳಾಕ ಆಗಲಿಲ್ಲ, ಕಾಕಾನ ಮನಿಗೆ ಹೋದ್ನಿ. ಅಂವ ದವಾಖಾನಿಯಿಂದ ಬಂದು ಪಡಸಾಲ್ಯಾಗ ಹೊರಸಿನ ಮ್ಯಾಲ ಮಲಗಿದ್ದ. ನೀಲವ್ವ ನೀರಿಗೆ ಹೋಗಿದ್ಲು. ನಾ ಕೆಳಗ ನೆಲದ ಮ್ಯಾಲ ಕುಂತ್ನಿ. ಹೊರಸಿನ ಬಾಜೂಕ ಕುಂದ್ರೂ ಯೋಗ್ಯತಾ ಇರಲಿಲ್ಲ ನನಗ.

"ಕಾಕಾ, ಒಂದು ಮಾತು ಹೇಳಬೇಕು. ಯಾರಿಗೂ ಹೇಳಿಲ್ಲ, ನನ್ನ ಹೇಣ್ತಿಗೂ ಹೇಳಿಲ್ಲ."

"ಹೇಳೋ."

"ಆ ರಾತ್ರಿ ನಾ ಹೊಲದಾಗ ಇರಲಿಲ್ಲ. ಮನ್ಯಾಗ ಮಲಗಿದ್ನಿ. ನಿನಗ ದನಿ ಕೊಟ್ಟದ್ದು ಗಾಡಿ. ಎಷ್ಟೋ ರಾತ್ರಿ ಅದೇ ಕೊಟ್ಟೈತಿ. ಅದು ನಿಂತು ನನ್ನ ಎಬ್ಬಿಸ್ತು. ನಾ ಅದನ್ನ ಬಂದ್ ಮಾಡಿ ಮಲಗಿದ್ನಿ. ನಾ ಬಂದಿಲ್ಲ ಕಾಕಾ. ನನಗ ಕೈ ಮುಗೀಬ್ಯಾಡ್ರಿ ನೀವು ಯಾರೂ..."

ಕಾಕಾ ನನ್ನ ಮಾರಿ ನೋಡಿದ. ಅವನಿಗೆ ಸಿಟ್ಟು ಬಂದಿರಲಿಲ್ಲ. ಆಶ್ಚರ್ಯಾನೂ ಆಗಿರಲಿಲ್ಲ. ಕೈ ಚಾಚಿ ನನ್ನ ಹೆಗಲ ಮ್ಯಾಲ ಇಟ್ಟ.

"ಎಷ್ಟು ಸಲ ಹೇಳ್ತೀಯೋ ಮಾಬೂ?" ಅಂದ, ಮೆತ್ತಗ. "ಆ ರಾತ್ರಿ ಪೂರಾ ಇದನ್ನ ಹೇಳ್ಕೋಂತ ಕುಂತಿದ್ದೆಲ್ಲ. ನಾ ಬಂದಿಲ್ಲ ಕಾಕಾ, ನಾ ಮಲಗೇನಿ ಕಾಕಾ, ತಪ್ಪಾತು ಕಾಕಾ ಅಂತ... ಸಣ್ಣ ಹುಡುಗನಂಗ ಅಳ್ತಿದ್ದಿ. ನಿನ್ನ ಸಮಾಧಾನ ಮಾಡೂದ್ರಾಗ ನನಗ ಬೆಳಗಾತು. ಇಲ್ಲಂದ್ರ ನಾ ಯಾವಾಗೋ ಕಣ್ಣು ಮುಚ್ಚತಿದ್ನಿ."

ಹೊರಗ ನೀಲವ್ವ ಕೊಡ ಇಳಿಸಿದ ಸಪ್ಪಳ ಆತು.

ಗಾಡಿ ಈಗ ನಮ್ಮ ಹೊಲದಾಗ ಇಲ್ಲ. ಹುಡುಗ್ರು ತಗೊಂಡು ಹೋದ್ರು. ನಾ ದಿನಾ ರಾತ್ರಿ ಹೋಗ್ತೇನಿ, ನಾನ ಕೂಗ್ತೇನಿ. ಆ ರಾತ್ರಿ ಕಾಕಾನ ಬಾಜೂಕ ಕುಂತಂವ ಯಾರು ಅಂತ ನನಗ ಇವತ್ತಿಗೂ ತಿಳೀವಲ್ದು. ಯಾರರ ಇರ್ಲಿ, ಅಂವ ಅತ್ತ. ನನಗ ಇನ್ನೂ ಅಳಾಕ ಬಂದಿಲ್ಲ.