ಸಾಸಿವೆ ದಿಂಬಿನ ಮೇಲೆ ಗುರಿ

ಆಗೆಲ್ಲ ಪಾಲಾದ ಮನೆಗಳ ನಡುವೆ ಗೋಡೆ ಏಳುತ್ತಿತ್ತು, ಮಾತು ನಿಲ್ಲುತ್ತಿರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ಕುಷ್ಟಗಿ ಕಡೆಯ ನಮ್ಮೂರಲ್ಲಿ ಅಪ್ಪ, ದೊಡ್ಡಪ್ಪ ಇಬ್ಬರೂ ಎತ್ತು, ಚಕ್ಕಡಿ, ಹೊಲ ಎಲ್ಲ ಹಂಚಿಕೊಂಡರು. ಉಳಿದದ್ದು ಅಜ್ಜನ ಛರ್ರಾ ಬಂದೂಕು, ಸೀಸದ ಸಣ್ಣ ಗುಂಡು ಹಾರಿಸುವ ಗಾಳಿಕೋವಿ. ಅದನ್ನು ಸೀಳಿ ಹಂಚಲಾದೀತೇ? ಅಜ್ಜಿ ತೀರ್ಪು ಕೊಟ್ಟಳು: ಮಹಾನವಮಿಯ ದಿನ ಆಯುಧಪೂಜೆ ಮುಗಿದ ಮೇಲೆ ಬೇವಿನ ಗಿಡಕ್ಕೆ ನಿಂಬೆಹಣ್ಣು ಕಟ್ಟಬೇಕು. ಹೊಡೆದವರ ಮನೆಯಲ್ಲಿ ವರ್ಷವಿಡೀ ಬಂದೂಕು.

ಅದು ಬರೀ ಆಟವಾಗಿರಲಿಲ್ಲ. ಹಿಂಗಾರಿ ಜೋಳ ಹಾಲುಗಾಳಾದಾಗ ಗಿಳಿಗಳ ಹಿಂಡು ಇಳಿಯುತ್ತಿತ್ತು. ಹೊಲದ ನಡುವೆ ತೂಗುಬಿಟ್ಟ ತಗಡಿನ ಡಬ್ಬಿಗೆ ಛರ್ರಾ ಬಡಿದು 'ಟಣ್' ಎಂದರೆ ಹಿಂಡು ಏಳುತ್ತಿತ್ತು. ಬಂದೂಕಿಲ್ಲದ ವರ್ಷ ಕೂಗಿ ಕೂಗಿ ಅವ್ವನ ದನಿಯೇ ಬಿದ್ದುಹೋಗಿತ್ತು.

ಆ ಸಲ ಬಂದೂಕು ನಮ್ಮಲ್ಲಿತ್ತು, ಉಳಿಸಿಕೊಳ್ಳಬೇಕಿತ್ತು. ಅಪ್ಪನ ಕಣ್ಣಿಗೆ ಪೊರೆ ಬಂದು ಹೊಡೆಯುವ ಪಾಳಿ ನನ್ನದಾಯಿತು. ಐದನೇತ್ತಕ್ಕೇ ಸಾಲಿ ಬಿಟ್ಟು ಬಡಿಗೇರ ಕಾಕಾನ ಹತ್ತಿರ ಉಳಿ ಹಿಡಿದವನು ನಾನು. ಬಂದೂಕು ಆನಿಸಿ ಹೊಡೆಯಲು ಜಾಲಿ ಕಟ್ಟಿಗೆಯಲ್ಲಿ ಒಂದು ಮೇಜು ಮಾಡಿದೆ. ಮೂರೇ ಕಾಲು. ನಮ್ಮ ಕಲ್ಲುನೆಲದಲ್ಲಿ ನಾಲ್ಕು ಕಾಲಿನದು ಕುಂಟುತ್ತದೆ. ಒಲೆಗುಂಡು ಮೂರೇ ಇರುವುದು ಸುಮ್ಮನೆ ಅಲ್ಲ.

ಆದರೂ ಹಿತ್ತಲಲ್ಲಿ ಡಬ್ಬಿ ಕಟ್ಟಿ ಹೊಡೆದು ನೋಡಿದರೆ ಗುರಿ ಕೂಡಲಿಲ್ಲ. ಹಲಗೆಗೆ ಆನಿಸಿದರೆ ಬಂದೂಕು ಪುಟಿದು ಛರ್ರಾ ಮೇಲೆ ಹಾರುತ್ತಿತ್ತು. ಅದುಮಿ ಹಿಡಿದರೆ ಇನ್ನೂ ಕೆಡುತ್ತಿತ್ತು. ತಂಗಿಯನ್ನು ತೊಟ್ಟಿಲಿಗೆ ಹಾಕುತ್ತಿದ್ದ ಅವ್ವ ನೋಡಿ ನಕ್ಕಳು.

"ಕಳ್ಳನ್ನ ಹಿಡದಂಗ ಯಾಕ ಹಿಡದಿಯೋ? ಕೂಸಿನ ತಲಿ ಹಿಡದಂಗ ಹಿಡಿ."

ಕೂಸಿನ ತಲೆ ದುಂಡಗಾಗಲೆಂದು ಹಳೇ ಸೀರೆಯಲ್ಲಿ ಸಾಸಿವೆ ತುಂಬಿ ಹೊಲಿದ ದಿಂಬು ತೆಗೆದುಕೊಟ್ಟಳು. ಹಾಲಿನ ವಾಸನೆ, ಸಾಸಿವೆಯ ಘಾಟು. ಅದನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಅಂಗೈ ಚಾಚಿ, ಅಂಗೈಯಲ್ಲಿ ಬಂದೂಕಿನ ಕಟ್ಟಿಗೆಯನ್ನು ಹಗುರವಾಗಿ ಇಟ್ಟೆ. ಅರ್ಧ ಉಸಿರು ಬಿಟ್ಟು ಮೆಲ್ಲಗೆ ಬೆರಳು ಒತ್ತಿದೆ. ಬಂದೂಕು ತಾನೇ ಅಲುಗಿ ತಾನೇ ಸುಮ್ಮನಾಯಿತು. ಟಣ್! ಮತ್ತೊಮ್ಮೆ, ಟಣ್!

ನವಮಿಯ ದಿನ ಮೊದಲು ದೊಡ್ಡಪ್ಪ ಹೊಡೆದರು. ನಳಿಗೆಯನ್ನು ಹಿತ್ತಲ ಗೋಡೆಗೆ ಆನಿಸಿಯೇ ಹೊಡೆದರು. ಬೇವಿನ ಎಲೆ ಉದುರಿತು, ನಿಂಬೆ ಉಳಿಯಿತು. ನಾನು ಮೇಜು ಹೊತ್ತು ತಂದೆ.

"ಏನಲೇ ಇದು, ಮೂರು ಕಾಲಿನ ಎಮ್ಮಿ?"

"ನೀವು ಗ್ವಾಡಿಗೆ ಆನಿಸಿ ಹೊಡದ್ರಿ, ದೊಡ್ಡಪ್ಪ. ನಾ ನನ್ನ ಗ್ವಾಡಿ ಹೊತಗೊಂಡು ಬಂದೀನ್ರಿ."

ಅಜ್ಜಿ ಕೇಕೆ ಹಾಕಿ ನಕ್ಕಳು. ಅಷ್ಟರಲ್ಲಿ ದಿಂಬಿಲ್ಲದೆ ಎದ್ದ ಕೂಸು ಚೀರತೊಡಗಿತು. "ಲಗೂನ ಹೊಡೀಯೋ, ದಿಂಬು ತಾ!" ಎಂದು ಅವ್ವ ಒಳಗಿಂದ ಒದರಿದಳು. ನಾನು ಅವಸರ ಮಾಡಲಿಲ್ಲ. ಗಾಳಿ ನಿಂತು ನಿಂಬೆ ತೂಗಾಡುವುದನ್ನು ಬಿಡುವ ತನಕ ಕಾದೆ. ಆಮೇಲೆ ಅದರ ರಸ ಬೇವಿನ ಹಿಂದಿನ ಗೋಡೆಗೆ ಸಿಡಿಯಿತು.

ದೊಡ್ಡಪ್ಪ ಬಂದು ದಿಂಬನ್ನು ಒತ್ತಿ ಒತ್ತಿ ನೋಡಿ, ಒಳಗಿದ್ದ ಅವ್ವನಿಗೆ ಕೂಗಿ ಹೇಳಿದರು. "ಈರವ್ವ, ನನಗೂ ಇಂಥಾದೊಂದು ಹೊಲದು ಕೊಡವ್ವ. ಬರೋ ವರ್ಷ ಈ ಮಗನ್ನ ನೋಡಕೋತೀನಿ."

ದೀಪಾವಳಿಯೊಳಗೆ ಅವ್ವ ಹೊಲಿದು ಕೊಟ್ಟಳು. ಮರುವರ್ಷ ಬಂದೂಕು ಅವರ ಮನೆಗೇ ಹೋಯಿತು.

ಆ ಮೇಜಿನ ಮೇಲೆ ಈಗ ನೀರಿನ ಕೊಡ ಕೂತಿದೆ, ಇವತ್ತಿಗೂ ಅಲುಗುವುದಿಲ್ಲ. ದೊಡ್ಡಪ್ಪನ ಮೊಮ್ಮಕ್ಕಳೂ ನನ್ನ ಮಕ್ಕಳೂ ಗೇಣು ಬದುವಿಗಾಗಿ ಕೊಪ್ಪಳದ ಕೋರ್ಟಿಗೆ ಅಲೆಯುತ್ತಿದ್ದಾರೆ. ಬೇವಿನ ಗಿಡ ಹಿತ್ತಲಲ್ಲೇ ಇದೆ, ನಿಂಬೆ ಕಟ್ಟಲು ಟೊಂಗೆಯೂ ಇದೆ. ಸೋತವನಿಗೆ ದಿಂಬು ಹೊಲಿದುಕೊಡುವ ಕೈ ಮಾತ್ರ ಎರಡೂ ಮನೆಯಲ್ಲಿ ಇಲ್ಲ.