ಲಿನ್ ಬರೆದುಕೊಂಡ ಏಳನೆಯ ಉದಾಹರಣೆ

ಮಗಳು ತನ್ನ ಟೀಚರಿಗೆಂದು ಮಾಡಿದ ಕಾರ್ಡು ಊಟದ ಮೇಜಿನ ಮೇಲೆ ಒಣಗುತ್ತಿತ್ತು. ‘ವಿ ಅಪ್ರಿಶಿಯೇಟ್ ಯೂ’ ಎಂದು ಬರೆದಿದ್ದಳು. ಓದಿದ್ದೇ ಆ ಟೀಚರ ಬಗ್ಗೆ ನನಗೆ ಕನಿಕರ ಹುಟ್ಟಿತು. ನಗಬೇಡಿ, ಕಾರಣವಿದೆ.

ಅಮೆರಿಕದ ಡಿಯರ್‌ಬಾರ್ನಿನ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ನಾನಿದ್ದಾಗ ರಿಸೆಷನ್ ಬಂದು ವಾರಕ್ಕೊಂದು ಮೇಜು ಖಾಲಿಯಾಗುತ್ತಿತ್ತು. ಕೆಲಸ ಹೋದರೆ ವೀಸಾನೂ ಹೋಯಿತು, ಸಂಸಾರ ಸಮೇತ ಗಂಟುಮೂಟೆ ಕಟ್ಟಬೇಕು. ಪಕ್ಕದ ಮೇಜಿನ ಲಿನ್ ಎಂಬಾಕೆ ಚೀನಾದವರು. ಅವರ ವೀಸಾವೂ ನನ್ನಂಥದ್ದೇ. ಇಂಗ್ಲಿಷ್ ಕಲಿಯಲು ಅವರೊಂದು ನೋಟ್‌ಬುಕ್ ಇಟ್ಟಿದ್ದರು. ಪುಟಕ್ಕೊಂದು ಪದ, ಕೆಳಗೆ ಅದನ್ನು ಯಾರು ಯಾರಿಗೆ ಹೇಳಿದರು, ಆಮೇಲೆ ಏನಾಯಿತು ಎಂಬ ವಿವರ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದ ನಾನೋ, ಕೇಳದಿದ್ದರೂ ಪಾಠ ಹೇಳುತ್ತಿದ್ದೆ.

“ಅಪ್ರಿಶಿಯೇಟ್ ಅಂದರೆ ಮೆಚ್ಚುವುದು,” ಎಂದು ಒಂದು ದಿನ ವಿವರಿಸಿದೆ.

ಲಿನ್ ಆ ಪುಟ ತೋರಿಸಿದರು. ಆರು ಉದಾಹರಣೆ. ಆರನ್ನೂ ಹೇಳಿದವರು ನಮ್ಮ ಮ್ಯಾನೇಜರ್. ಹೇಳಿಸಿಕೊಂಡ ಆರೂ ಜನ ಹದಿನೈದು ದಿನದೊಳಗೆ ಕೆಲಸ ಕಳೆದುಕೊಂಡಿದ್ದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರಬೇಕೆಂದು ನಾನು ನಕ್ಕೆ.

ಮರುವಾರ ಮ್ಯಾನೇಜರ್ ನನ್ನ ಭುಜ ತಟ್ಟಿ ಅದೇ ಮಾತು ಹೇಳಿದರು. ನಾನು ಉಬ್ಬಿಹೋದೆ.

“ಪ್ರಮೋಷನ್ ಲೆಟರ್ ಏನಾದ್ರೂ ಕೊಟ್ರೇನ್ರೀ?” ಎಂದಳು ಹೆಂಡತಿ.

“ಬಾಯಲ್ಲೇ ಹೇಳಿದ್ರು ಕಣೇ. ನಿಂಗೆ ಎಲ್ಲದಕ್ಕೂ ಅನುಮಾನ.”

ಶನಿವಾರ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ಗೆಳೆಯರ ಮನೆಯ ಪೂಜೆಗೆ ಹೋಗಿ ಅಂಕಲ್ ಆಂಟಿಯರಿಗೆಲ್ಲ ಮೈಸೂರು ಪಾಕ್ ಹಂಚಿದೆ. ಸೋಮವಾರ ಲಿನ್‌ಗೂ ಕೊಟ್ಟೆ. ಅವರು ತಿನ್ನಲಿಲ್ಲ, ಏಳನೆಯ ಉದಾಹರಣೆ ಬರೆದುಕೊಂಡು, ಒಂದು ಚೀಟಿ ನನ್ನ ಕೈಗಿಟ್ಟರು.

“ಲೈಲ್ ಎಂಬ ಊರಿನ ಕಂಪನಿಯಲ್ಲಿ ನನ್ನ ಹಳೆಯ ಬಾಸ್ ಇದ್ದಾರೆ. ಯಾರನ್ನೂ ಹೊಗಳಿದವರಲ್ಲ, ಯಾರನ್ನೂ ತೆಗೆದವರಲ್ಲ. ಇವತ್ತೇ ಅಪ್ಲೈ ಮಾಡಿ.”

ಹೊಟ್ಟೆಕಿಚ್ಚು ಎಂದುಕೊಂಡೆ. ಹೆಂಡತಿ ಬಿಡಲಿಲ್ಲ. “ಅಪ್ಲೈ ಮಾಡಿದ್ರೆ ಕೈ ಸವೆದು ಹೋಗುತ್ತಾ?” ಎಂದು ಕೂರಿಸಿ ಮಾಡಿಸಿದಳು. ಒಂಬತ್ತನೆಯ ದಿನ ಕೆಲಸ ಹೋಗಿ ನನ್ನ ಸಾಮಾನು ರಟ್ಟಿನ ಪೆಟ್ಟಿಗೆಗೆ ಬಿತ್ತು.

ಲೈಲ್‌ನಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಬಾಸ್ ಮೊದಲ ದಿನವೇ ಬೈದರು. ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ, ನಕ್ಕು ಹೇಳುವವರು ಕೆಡಲಿಕ್ಕೆ ಹೇಳುತ್ತಾರೆ ಎಂಬ ಅಜ್ಜಿಯ ಮಾತು ಇಂಗ್ಲಿಷಿಗೂ ಸಲ್ಲುತ್ತದೆಂದು ಕಾನ್ವೆಂಟಿನಲ್ಲಿ ಹೇಳಿಕೊಟ್ಟಿರಲಿಲ್ಲ.

ತಿಂಗಳಾದ ಮೇಲೆ ಆ ಬಾಸ್ ಗೊಣಗಿದರು: “ಲಿನ್‌ಗೂ ಕೆಲಸ ಹೋಯಿತಂತೆ. ಅವತ್ತು ಇಲ್ಲಿ ಇದ್ದದ್ದೊಂದೇ ಜಾಗ. ನಿನಗೆ ಕೊಡಿ ಅಂತ ಅವಳೇ ಹಟ ಹಿಡಿದಿದ್ದಳು.”

ಲಿನ್ ಚೀನಾಕ್ಕೆ ಮರಳಿದರೆಂದು ಆಮೇಲೆ ಕೇಳಿದೆ. ಒಂದು ಸುಳ್ಳು ಹೊಗಳಿಕೆಗೆ ಊರಿಗೆಲ್ಲ ಸಿಹಿ ಹಂಚಿದವನು ನಾನು. ನನ್ನನ್ನು ಉಳಿಸಿದವರಿಗೆ ಒಂದು ಸಾಲು ಬರೆಯಲು ಇಷ್ಟು ವರ್ಷ ನನಗೆ ಪುರುಸೊತ್ತಾಗಲಿಲ್ಲ. ಇವತ್ತು ನಾಚಿಕೆಯಾಗಿ ಬರೆಯಲು ಕೂತರೆ, ನನ್ನ ಹತ್ತಿರ ಅವರ ವಿಳಾಸವಿಲ್ಲ.